ನೇರ ಹಾರಾಟವೋ, ನಡುವೆ ಒಂದು ನಿಲುಗಡೆಯೋ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಆಕಾಶಮಾರ್ಗದಲ್ಲಿ ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು. ಸ್ಯಾನ್ ಹೋಸೆ, ಬರ್ಕ್ಲಿ, ಸ್ಟ್ಯಾನ್‌ಫರ್ಡ್‌ಗಳಿಗೆ ಎಂ.ಎಸ್. ಓದಲು ಹೊರಡುವ ಮಕ್ಕಳ ಮನೆಯಲ್ಲಿ ಬ್ಯಾಂಕ್ ಸಾಲ, ವೀಸಾ ಸಂದರ್ಶನ, ಚಳಿಗೆ ಸ್ವೆಟರು ಎಲ್ಲದರ ಬಗ್ಗೆಯೂ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ವಿಮಾನದ ಟಿಕೆಟ್ಟಿನ ವಿಷಯ ಬಂದಾಗ ಮಾತ್ರ ಕೇಳುವುದು ಒಂದೇ ಪ್ರಶ್ನೆ: ಯಾವುದು ಅಗ್ಗ? ಆ ಮನೆಯಲ್ಲಿ ವಿಮಾನವೆಂದರೆ ಎದೆ ನಡುಗುವವರು ಒಬ್ಬರಿದ್ದರೆ ಲೆಕ್ಕವೇ ಬೇರೆಯಾಗುತ್ತದೆ.

ಆ ಒಬ್ಬರು ಮಗಳ ಘಟಿಕೋತ್ಸವಕ್ಕೆ ಹೋಗಬೇಕೆಂದಿರುವ ತಾಯಿಯೇ ಆಗಬೇಕೆಂದಿಲ್ಲ. ಹೊರಡಲಿರುವ ವಿದ್ಯಾರ್ಥಿಯೂ ಆಗಿರಬಹುದು. ತಾಯಿ ತನ್ನ ಭಯವನ್ನು ಬಾಯಿಬಿಟ್ಟು ಹೇಳುತ್ತಾಳೆ. ಇಪ್ಪತ್ತೆರಡರ ಹುಡುಗ ಅದನ್ನು ಮುಚ್ಚಿಡುತ್ತಾನೆ. ‘ಈ ವರ್ಷ ರಜೆ ಇಲ್ಲಮ್ಮ, ಮುಂದಿನ ವರ್ಷ ಬರ್ತೀನಿ’ ಎಂಬ ಮಾತಿನ ಹಿಂದೆ ಟಿಕೆಟ್ ದುಬಾರಿಯಾದದ್ದು ಮಾತ್ರವಲ್ಲ, ಹದಿನೇಳು ತಾಸಿನ ಹೆದರಿಕೆಯೂ ಇರುವುದುಂಟು. ಮಗಳ ಘಟಿಕೋತ್ಸವವನ್ನು ಮೊಬೈಲ್ ಪರದೆಯಲ್ಲಿ ನೋಡಿ ತೃಪ್ತಿಪಟ್ಟುಕೊಳ್ಳುವ ತಾಯಂದಿರೂ ಉಂಟು. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ಹೆದರಿಕೆ ಯಾವುದರದ್ದು ಎಂಬುದು.

ಕೆಲವರಿಗೆ ಬಾಗಿಲು ಹಾಕಿದ ಮೇಲೆ ಇಳಿಯಲಾಗದು ಎಂಬ ಸಂಕಟ. ಇಂಥವರಿಗೆ ನಡುವೆ ಎಲ್ಲಾದರೂ ಇಳಿದು ಕಾಲು ಚಾಚುವ ಅವಕಾಶವಿದ್ದರೆ ಅರ್ಧ ಭಾರ ಇಳಿಯುತ್ತದೆ. ಆದರೆ ‘ಒಂದು ನಿಲುಗಡೆ’ ಎಂದ ಮಾತ್ರಕ್ಕೆ ಪ್ರಯಾಣ ಸಮಭಾಗವಾಗುತ್ತದೆ ಎಂದು ತಿಳಿಯುವುದು ಭ್ರಮೆ. ಬೆಂಗಳೂರಿನಿಂದ ದುಬೈಗೆ ನಾಲ್ಕು ತಾಸು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 13,000 ಕಿಲೋಮೀಟರ್, ಸುಮಾರು ಹದಿನಾರು ತಾಸು. ಅಂದರೆ ನಿಲುಗಡೆಯ ತೊಂದರೆಯೂ ತಪ್ಪಲಿಲ್ಲ, ದೀರ್ಘ ಹಾರಾಟವೂ ತಪ್ಪಲಿಲ್ಲ. ಸಿಂಗಪುರದ ದಾರಿಯೂ ಹೆಚ್ಚುಕಡಿಮೆ ಇದೇ ಜಾತಿಯದು. ಫ್ರಾಂಕ್‌ಫರ್ಟ್ ಅಥವಾ ಲಂಡನ್ ಮೂಲಕ ಹೋದರೆ ಹತ್ತು ತಾಸು, ಹನ್ನೊಂದು ತಾಸು ಎಂದು ಪ್ರಯಾಣ ನಡುವೆ ಮುರಿಯುತ್ತದೆ. ಪೂರ್ವಕ್ಕೆ ಹೊರಟು ಟೋಕಿಯೊ ಮೂಲಕ ಹೋದರೆ ಎಂಟು ಮತ್ತು ಒಂಬತ್ತರ ಆಸುಪಾಸು. ಮುಚ್ಚಿದ ಜಾಗದ ಅಂಜಿಕೆ ಇರುವವರಿಗೆ ಇವೇ ನಿಜವಾದ ನಿಲುಗಡೆಗಳು. ಹೊರಡುವ ಮುನ್ನ ಗುಂಡಗಿನ ಗ್ಲೋಬಿನ ಮೇಲೆ ದಾರದಿಂದ ಅಳೆದು ನೋಡಿದರೂ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಏಜೆಂಟರ ಕಂಪ್ಯೂಟರ್ ಪರದೆ ತೋರಿಸುವುದು ಒಟ್ಟು ತಾಸು ಮತ್ತು ಹಣವನ್ನಷ್ಟೇ.

ಮೇಲೇರುವಾಗ, ಇಳಿಯುವಾಗ ಹೊಟ್ಟೆಯಲ್ಲಿ ಕಲಸಿದಂತಾಗುವವರ ಸಂಗತಿ ಇದಕ್ಕೆ ತೀರ ವಿರುದ್ಧ. ಒಂದು ನಿಲುಗಡೆಯೆಂದರೆ ಎರಡು ಸಲ ಏರುವುದು, ಎರಡು ಸಲ ಇಳಿಯುವುದು. ವಿಮಾನ ಅಪಘಾತಗಳಲ್ಲಿ ಹೆಚ್ಚಿನವು ಈ ಎರಡು ಹೊತ್ತಿನಲ್ಲೇ ಆಗುತ್ತವೆ ಎಂಬುದೂ ನಿಜ. 2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ವಿಮಾನ ನೆಲಬಿಟ್ಟ ಒಂದು ನಿಮಿಷದೊಳಗೇ ಬಿದ್ದು, ಅದರಲ್ಲಿದ್ದ 242 ಮಂದಿಯಲ್ಲಿ 241 ಜನ ತೀರಿಕೊಂಡರು. ಅದಾದ ಮೇಲೆ ಹೆದರುವವರಿಗೆ ‘ಏನೂ ಆಗೋದಿಲ್ಲ ಬಿಡಿ’ ಎಂದು ನಕ್ಕುಬಿಡುವುದು ಸಲ್ಲದು. ಜಗತ್ತಿನಲ್ಲಿ ದಿನವೊಂದಕ್ಕೆ ಹತ್ತಾರು ಸಾವಿರ ವಿಮಾನಗಳು ಏರಿ ಇಳಿಯುತ್ತವೆ, ಅವುಗಳಿಗೆ ಹೋಲಿಸಿದರೆ ದುರಂತ ಅತಿ ವಿರಳ ಎಂದು ಸಮಾಧಾನವಾಗಿ ಹೇಳಬಹುದು. ಈ ಬಗೆಯವರಿಗೆ ನೇರ ಹಾರಾಟವೇ ಲೇಸು: ಒಮ್ಮೆ ಏರಿದರಾಯಿತು, ಒಮ್ಮೆ ಇಳಿದರಾಯಿತು.

ನೇರ ವಿಮಾನ ಸಿಗಬೇಕಲ್ಲ! ಏರ್ ಇಂಡಿಯಾ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ನೇರ ಹಾರಾಟ ಆರಂಭಿಸಿತು. ಅಲ್ಲಿಂದ ಹೊರಟ ಮೊದಲ ವಿಮಾನ ಮಹಿಳಾ ಪೈಲಟ್‌ಗಳ ಕೈಯಲ್ಲಿ ಉತ್ತರ ಧ್ರುವವನ್ನು ದಾಟಿ ದೇವನಹಳ್ಳಿಯಲ್ಲಿ ಇಳಿದದ್ದು ಸುದ್ದಿಯಾಗಿತ್ತು. ಅದಕ್ಕೆ ಮುನ್ನ ನಮ್ಮೂರಿನಿಂದ ಅಮೆರಿಕಕ್ಕೆ ಒಂದೇ ಉಸಿರಿನಲ್ಲಿ ಹೋಗುವ ಮಾತೇ ಇರಲಿಲ್ಲ. ಆದರೆ ಇಂಥ ದೂರದ ಸೇವೆಗಳು ಬರುತ್ತವೆ, ನಿಲ್ಲುತ್ತವೆ, ಮತ್ತೆ ಬರುತ್ತವೆ; ಹಳೆಯ ಮಾತು ನಂಬದೆ ಆಯಾ ತಿಂಗಳ ವೇಳಾಪಟ್ಟಿ ನೋಡುವುದು ಒಳಿತು. ಇನ್ನೊಂದು ಸೂಕ್ಷ್ಮವಿದೆ. ವಿಮಾನ ಕಂಪನಿಗಳ ಭಾಷೆಯಲ್ಲಿ ‘ಡೈರೆಕ್ಟ್’ ಎಂದರೆ ಎಲ್ಲೂ ನಿಲ್ಲುವುದಿಲ್ಲ ಎಂದಲ್ಲ, ವಿಮಾನದ ಸಂಖ್ಯೆ ಬದಲಾಗುವುದಿಲ್ಲ ಎಂದಷ್ಟೇ. ನಡುವೆ ಎಲ್ಲೂ ಇಳಿಯದ್ದು ಬೇಕಿದ್ದರೆ ‘ನಾನ್‌ಸ್ಟಾಪ್’ ಎಂದೇ ಕೇಳಬೇಕು. ಅದೂ ಕೆಲವೊಮ್ಮೆ ಕೈಕೊಡುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು.

ಇನ್ನು ಗಾಳಿಯ ಕುಲುಕಾಟ. ಇದಕ್ಕೆ ಯಾವ ಟಿಕೆಟ್ಟಿನಲ್ಲೂ ಮದ್ದಿಲ್ಲ. ಬಂಗಾಳ ಕೊಲ್ಲಿಯ ಮೇಲೆ ಮಳೆಗಾಲದ ಮೋಡಗಳು, ಜಪಾನಿನ ಮೇಲೆ ಚಳಿಗಾಲದಲ್ಲಿ ಬಿರುಸಾಗಿ ಬೀಸುವ ಮೇಲ್ಗಾಳಿ, ಅಟ್ಲಾಂಟಿಕ್‌ನ ಮೇಲೂ ಅಂಥದೇ. ಕುಲುಕಾಟದಿಂದ ರೆಕ್ಕೆ ಮುರಿದು ಬೀಳುವುದಿಲ್ಲ. ರೆಕ್ಕೆ ಬಳುಕುವಂತೆಯೇ ಮಾಡಿರುತ್ತಾರೆ. ಅಪಾಯವಿರುವುದು ಬೆಲ್ಟ್ ಬಿಚ್ಚಿ ಕೂತವರಿಗೆ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಬರುತ್ತಿದ್ದ ವಿಮಾನ ಮ್ಯಾನ್ಮಾರ್ ಮೇಲೆ ಹಠಾತ್ತನೆ ಕುಸಿದು ಏರಿದಾಗ ಹತ್ತಾರು ಮಂದಿಗೆ ಪೆಟ್ಟಾಯಿತು, ಪ್ರಯಾಣಿಕರೊಬ್ಬರು ತೀರಿಕೊಂಡರು. ಕೂತಿರುವಷ್ಟು ಹೊತ್ತೂ ಬೆಲ್ಟ್ ಸಡಿಲವಾಗಿಯಾದರೂ ಕಟ್ಟಿರಬೇಕು. ರೆಕ್ಕೆಯ ಬಳಿಯ ಸಾಲುಗಳಲ್ಲಿ ಕುಲುಕಾಟ ಕಡಿಮೆ, ಬಾಲದ ಕಡೆ ಹೆಚ್ಚು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಚಾರ್ಮಾಡಿ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಮಾನಕ್ಕಿಂತ ವಿಮಾನ ನಿಲ್ದಾಣಕ್ಕೇ ಹೆಚ್ಚು ಹೆದರುವವರೂ ಇದ್ದಾರೆ. ಇಂಗ್ಲಿಷ್ ಅಷ್ಟಾಗಿ ಬಾರದ, ಒಬ್ಬರೇ ಹೊರಟ ತಂದೆತಾಯಿಯರಿಗೆ ಫ್ರಾಂಕ್‌ಫರ್ಟ್ ನಿಜಕ್ಕೂ ಒಂದು ಪರೀಕ್ಷೆ. ಎ, ಬಿ, ಸಿ, ಜೆಡ್ ಎಂದು ವಿಭಾಗಗಳು. ಎ ಮತ್ತು ಜೆಡ್ ಒಂದೇ ಕಟ್ಟಡದ ಕೆಳ–ಮೇಲು ಅಂತಸ್ತುಗಳು. ಎ ಇಂದ ಬಿಗೆ ಹೋಗಲು ನೆಲದಡಿಯ ಉದ್ದನೆಯ ಸುರಂಗ. ನಡುವೆ ಮತ್ತೊಮ್ಮೆ ತಪಾಸಣೆ. ಕೈಚೀಲದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ ಇದ್ದರೆ ಅದಕ್ಕೆ ಅಲ್ಲೇ ವಿದಾಯ ಹೇಳಬೇಕಾದೀತು. ಅದು ದೊಡ್ಡ ಲಗೇಜಿನಲ್ಲಿ ಹೋಗಬೇಕು. ಇಂಥವರಿಗೆ ಒಂದೂವರೆ ತಾಸಿನ ನಿಲುಗಡೆ ಕೊಡಿಸುವುದು ಕ್ರೌರ್ಯ. ಮೂರು ನಾಲ್ಕು ತಾಸು ಇರಲಿ. ಟಿಕೆಟ್ ಕಾಯ್ದಿರಿಸುವಾಗಲೇ ಗಾಲಿಕುರ್ಚಿಯ ನೆರವು ಕೋರಿದರೆ ಒಂದು ಗೇಟಿನಿಂದ ಮತ್ತೊಂದಕ್ಕೆ ಕರೆದೊಯ್ಯುವ ಜನ ಸಿಗುತ್ತಾರೆ. ನಡೆಯಲು ಬರುವವರಿಗೆ ಇದೇಕೆ ಎಂದು ಸಂಕೋಚಪಡುವವರಿದ್ದಾರೆ. ಮಂಡಿನೋವಿರುವ, ಉದ್ದದ ದಾರಿ ನಡೆಯಲಾಗದ ಹಿರಿಯರಿಗಾಗಿಯೇ ಇರುವ ವ್ಯವಸ್ಥೆ ಅದು.

ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿರಬೇಕು ಎಂಬುದನ್ನಂತೂ ಮರೆಯಬಾರದು. ಹಾಗಿದ್ದಾಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿಹೋದರೆ ಬೇರೆ ವಿಮಾನ ಹತ್ತಿಸುವ ಹೊಣೆ ಕಂಪನಿಯದು. ನಾಲ್ಕು ಕಾಸು ಉಳಿಯಿತೆಂದು ಬೇರೆ ಬೇರೆ ಟಿಕೆಟ್ ಕೊಂಡರೆ ಹೊಣೆಯೆಲ್ಲ ಪ್ರಯಾಣಿಕರದೇ. 2024ರ ಏಪ್ರಿಲ್ 16ರಂದು ದುಬೈಯಲ್ಲಿ ಹಿಂದೆಂದೂ ಕಾಣದ ಮಳೆ ಸುರಿದು ರನ್‌ವೇಗಳಲ್ಲೇ ನೀರು ನಿಂತಾಗ ಸಾವಿರಾರು ಜನ ದಿನಗಟ್ಟಲೆ ಅಲ್ಲೇ ಸಿಕ್ಕಿಬಿದ್ದರು. ದಾರಿಯಲ್ಲಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಎಂಬುದನ್ನೂ ಆಯಾ ದೇಶದ ದೂತಾವಾಸದಿಂದ ತಿಳಿದುಕೊಳ್ಳಬೇಕು. ಈ ನಿಯಮಗಳು ಆಗಾಗ ಬದಲಾಗುತ್ತವೆ. ಅಬುಧಾಬಿಯಲ್ಲಿ ಒಂದು ಅನುಕೂಲವಿದೆ. 2014ರಿಂದ ಅಮೆರಿಕದ ವಲಸೆ ತಪಾಸಣೆ ಅಲ್ಲೇ ಮುಗಿಯುವ ಏರ್ಪಾಡು ಮಾಡಿದ್ದಾರೆ. ಅಮೆರಿಕದ ಅಧಿಕಾರಿಯ ಪ್ರಶ್ನೆಗಳೇ ದೊಡ್ಡ ಚಿಂತೆಯಾಗಿರುವವರಿಗೆ ಅದು ದಾರಿಯ ನಡುವೆಯೇ ತೀರಿಹೋಗುತ್ತದೆ.

ನಾಲ್ಕು ತಾಸಿಗಿಂತ ದೀರ್ಘವಾದ ಯಾವುದೇ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ತುಸು ಹೆಚ್ಚುತ್ತದೆ. ಆಗಾಗ ಎದ್ದು ಓಡಾಡಿ, ನೀರು ಕುಡಿಯುತ್ತಿರಬೇಕು. ಭಯಕ್ಕೆಂದು ನೆರೆಮನೆಯವರು ಕೊಟ್ಟ ನಿದ್ರೆಮಾತ್ರೆ ನುಂಗುವುದು ಬೇಡ; ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ವಿಮಾನವನ್ನೇ ಹತ್ತದವರನ್ನು ಮೊದಲ ಸಲವೇ ಹದಿನಾರು ತಾಸು ಕೂರಿಸುವುದಕ್ಕಿಂತ, ತಿಂಗಳ ಮೊದಲೇ ಬೆಂಗಳೂರಿನಿಂದ ಹುಬ್ಬಳ್ಳಿಗೆ ಒಮ್ಮೆ ಕರೆದೊಯ್ದು ರೈಲಿನಲ್ಲಿ ವಾಪಸು ಬಂದರೆ ಒಳ್ಳೆಯದು. ಒಂದು ತಾಸಿನ ಹಾರಾಟದಲ್ಲಿ ಯಾವುದರ ಭಯ ಎಂಬುದು ತಿಳಿದುಹೋಗುತ್ತದೆ: ಬಾಗಿಲು ಹಾಕಿದಾಗಲೋ, ಚಕ್ರ ನೆಲಬಿಟ್ಟಾಗಲೋ, ಮೋಡ ದಾಟುವಾಗಲೋ. ಅಮೆರಿಕದ ಟಿಕೆಟ್ ಅದನ್ನು ನೋಡಿಯೇ ಕೊಳ್ಳಬಹುದು. ಸ್ಯಾನ್ ಫ್ರಾನ್ಸಿಸ್ಕೊದ ಇಳಿತದ ಬಗ್ಗೆ ಮಾತ್ರ ಮೊದಲೇ ಹೇಳಿಟ್ಟಿರಬೇಕು. ಅಲ್ಲಿ ವಿಮಾನಗಳು ಸಾಮಾನ್ಯವಾಗಿ ಕೊಲ್ಲಿಯ ಮೇಲಿನಿಂದ ಬಂದಿಳಿಯುತ್ತವೆ. ಕೊನೆಯ ಗಳಿಗೆಯವರೆಗೂ ಕಿಟಕಿಯಲ್ಲಿ ಕಾಣುವುದು ಬರೀ ನೀರು. ನೀರು ಮುಗಿದಲ್ಲೇ ರನ್‌ವೇ. ಹೆದರುವವರನ್ನು ಕಿಟಕಿಯ ಪಕ್ಕ ಕೂರಿಸದಿರುವುದು ಮೇಲು.