ಸಭೆಯ ಮೆಚ್ಚುಗೆ

ಪಾಠಶಾಲೆಯಲ್ಲಿ ಓದಿದ ನನ್ನಂಥವರಿಗೆ ಸಭೆಯ ಹಿರಿಯರು ತಲೆದೂಗಿದರೆ ಸ್ವರ್ಗ, ಮೌನವಾಗಿದ್ದರೆ ನರಕ. ಆದುದರಿಂದಲೇ ಪಂಡಿತಾ ರಮಾಬಾಯಿಯವರ ಚರಿತ್ರವು ನನ್ನನ್ನು ಬಹುಕಾಲದಿಂದ ಸೆಳೆದಿದೆ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಆಕೆ, ಊರೂರಲ್ಲಿ ಪುರಾಣಪ್ರವಚನ ಮಾಡಿ, ಶ್ರೋತೃಗಳ ಮೆಚ್ಚುಗೆಯಿಂದಲೇ ಜೀವಿಸಿದವರು. 1878ರಲ್ಲಿ ಕಲಕತ್ತೆಯ ಪಂಡಿತರು 'ಸರಸ್ವತಿ' ಎಂಬ ಬಿರುದನ್ನಿತ್ತರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತದೀಕ್ಷೆ ಪಡೆಯಲು, ಸ್ವಜನರು ನಿಂದಿಸಿದರು. ಅಲ್ಲಿಯ ಗುರುಜನರೋ ವಿಧೇಯತೆಯನ್ನು ಬಯಸಿದರು.

ಕ್ರೈಸ್ತಮತವು ದೊರೆತರೂ ಕ್ರಿಸ್ತನು ದೊರೆತಿರಲಿಲ್ಲವೆಂದು ಆಕೆಯೇ 1907ರ ಆತ್ಮನಿವೇದನೆಯಲ್ಲಿ ಬರೆದಿರುವರು. ದೀಕ್ಷೆಯಾಗಿ ಸುಮಾರು ಎಂಟು ವರ್ಷಗಳ ಮೇಲೆ, ಯೋಗ್ಯತೆಯನ್ನು ಸಂಪಾದಿಸದೆ, ಇದ್ದಂತೆಯೇ ಆತನ ಬಳಿಗೆ ಬರಬಹುದೆಂಬ ಅರಿವು ಮೂಡಿತಂತೆ. ಅನಂತರ ಕೇಡಗಾಂವದಲ್ಲಿ ಕ್ಷಾಮಪೀಡಿತೆಯರನ್ನು ಆಕೆ ಯೋಗ್ಯತೆಯನ್ನು ಕೇಳದೆ ಒಪ್ಪಿಕೊಂಡುದು ಅದರ ಫಲವೇ ಸರಿ.

ಆಕೆಯ ಮತವು ನನ್ನದಲ್ಲ. ಆದರೂ ಪರೀಕ್ಷಿಸದೆ ಒಪ್ಪಿಕೊಳ್ಳುವವನೊಬ್ಬನುಂಟೆಂಬ ಆ ನೆಮ್ಮದಿಯನ್ನು, ಜೀವಮಾನವೆಲ್ಲ ಪರೀಕ್ಷೆ ನಡೆಸಿದ ನಾನು ಅಲ್ಲಗಳೆಯಲಾರೆ.