ಎದುರುಗಾಳಿ

ಬೈಸಿಕಲ್ಲು ಸವಾರರಲ್ಲಿ ಏರುದಾರಿಗೆ ಅಂಜುವವರು ಗಾಳಿಯನ್ನರಿಯದವರು. ಏರು ಎಷ್ಟೇ ಕಡಿದಾದರೂ ಅದಕ್ಕೊಂದು ತುದಿಯುಂಟು. ತುದಿ ಮುಟ್ಟಿದವನಿಗೆ ಇಳಿಜಾರಿನ ಬಹುಮಾನವುಂಟು. ಆಷಾಢದ ಪಡುಗಾಳಿಗೆ ಇವೆರಡೂ ಇಲ್ಲ. ಬೀದರ ಜಿಲ್ಲೆಯ ಬಯಲಿನಲ್ಲಿ ಅದನ್ನು ತಡೆಯತಕ್ಕ ಬೆಟ್ಟಸಾಲೂ ಇಲ್ಲ. ಸೊಲ್ಲಾಪುರದ ಕಡೆಯಿಂದ ಹೊರಟದ್ದು ನೆಟ್ಟಗೆ ಸವಾರನ ಎದೆಗೇ ಬಂದು ಮುಟ್ಟುವುದು.

ನಾವು ಎಂಟು ಮಂದಿ ಬೀದರದಿಂದ ಪಂಢರಪುರಕ್ಕೆ ಹೊರಟಿದ್ದೆವು. ಮೊದಲ ದಿನ ಹುಮನಾಬಾದನ್ನು ಸೇರಿ, ಮಾಣಿಕಪ್ರಭುಗಳ ಮಾಣಿಕನಗರದಲ್ಲಿ ಇರುಳನ್ನು ಕಳೆದೆವು. ಮರುದಿನ ಬಸವಕಲ್ಯಾಣದಲ್ಲಿ ಫಲಾಹಾರ ಮಾಡಿ ಸಂಜೆಗೆ ಉಮರ್ಗಾ ಸೇರುವುದೆಂದು ಗೊತ್ತುಮಾಡಿದ್ದಿತು. ಹುಮನಾಬಾದಿನಿಂದ ಕಲ್ಯಾಣಕ್ಕೆ 30 ಕಿಲೋಮೀಟರಿನ ಆಸುಪಾಸು. ಹಿರಿಯರ ಲೆಕ್ಕದಲ್ಲಿ ಆರು ಹರದಾರಿ. ಗಾಳಿಯಿಲ್ಲದ ದಿನ ಎರಡು ಗಂಟೆಯ ಹಾದಿ. ನಮಗೆ ಐದು ಗಂಟೆ ಹಿಡಿಯಿತು.

ನಮ್ಮಲ್ಲಿ ಹಿರಿಯರು ನಿವೃತ್ತರಾದ ಮಾಸ್ತರರೊಬ್ಬರು, ವಯಸ್ಸು ಅರುವತ್ತೇಳು. ಅವರ ಬೈಸಿಕಲ್ಲು ಗೇರುಗಳಿಲ್ಲದ ಕಬ್ಬಿಣದ ಗಾಡಿ. ಕಿರಿಯರು ಕಾಲೇಜಿನ ಹುಡುಗರಿಬ್ಬರು; ಅವರ ಗಾಡಿಗಳನ್ನು ಒಂದೇ ಬೆರಳಿನಿಂದ ಎತ್ತಬಹುದಾಗಿದ್ದಿತು. ಉಳಿದ ನಾವು ಐವರು ಎಲ್ಲ ವಿಧದಲ್ಲಿಯೂ ಇವರ ನಡುವಿನವರು.

ಗಾಳಿಯ ಗಣಿತವನ್ನು ಇಲ್ಲಿ ಹೇಳಿದರೆ ವಾಚಕರು ಬೇಸರಿಸಲಾರರೆಂದು ನಂಬಿದ್ದೇನೆ. ಎದುರಿನ ಗಾಳಿ ಇಮ್ಮಡಿಯಾದರೆ ಅದರ ತಡೆ ಇಮ್ಮಡಿಯಾಗದು, ನಾಲ್ಮಡಿಯಾಗುವುದು. ಆದರೆ ಒಬ್ಬನ ಬೆನ್ನಿಗೆ ಗಜದಷ್ಟು ಹತ್ತಿರದಲ್ಲಿ ಇನ್ನೊಬ್ಬನು ಸಾಗಿದರೆ, ಹಿಂದಿನವನ ಶ್ರಮದಲ್ಲಿ ಸುಮಾರು ಕಾಲುಪಾಲು ಉಳಿಯುವುದು. ಈ ಕಾರಣದಿಂದ ಸವಾರರು ಸಾಲುಗಟ್ಟಿ, ಸರದಿಯ ಮೇಲೆ ಮುಂದೆ ನಿಂತು ಗಾಳಿಯನ್ನು ಸೀಳುವರು. ಇದರಲ್ಲಿ ಒಂದು ತೊಡಕುಂಟು. ಮುಂದಿರುವವನಿಗೆ ಹಿಂದೆ ಯಾರು ಉಳಿದರು, ಯಾರು ಕಳಚಿದರು ಎಂಬುದು ಕಾಣದು. ಕೂಗಿದರೂ ಕೇಳದು, ಗಾಳಿ ಕೂಗನ್ನು ಹಿಂದಕ್ಕೇ ಒಯ್ಯುವುದು. ಅಂದು ಗಾಳಿ ಎಡಗಡೆಯ ಮೂಲೆಯಿಂದ ಬೀಸುತ್ತಿದ್ದುದರಿಂದ ಆಸರೆಯ ಸ್ಥಳವು ಮುಂದಿನವನ ಬಲಕ್ಕೆ ಬಂದಿತು. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಆ ಬಲಗಡೆಯೇ ಲಾರಿಗಳ ಪಾಲು. ನೆರಳು ಬೇಕಾದವನು ಲಾರಿಯ ಮಗ್ಗುಲಿಗೆ ಸರಿಯಬೇಕು. ಲಾರಿಗಂಜಿದವನು ಗಾಳಿಗೆ ಎದೆಯೊಡ್ಡಬೇಕು.

ಹತ್ತು ನಿಮಿಷಕ್ಕೊಬ್ಬರಂತೆ ಸರದಿ ನಡೆಯಿತು. ಮಾಸ್ತರರಿಗೆ ಸರದಿ ಬೇಡವೆಂದು ಎಲ್ಲರೂ ಹೇಳಿದೆವು. ಅವರು ಒಪ್ಪಲಿಲ್ಲ. ಅವರು ಮುಂದಾದಾಗ ನಮ್ಮ ವೇಗ ನಡಿಗೆಯ ವೇಗಕ್ಕಿಳಿಯಿತು. ಹುಡುಗರಿಬ್ಬರೂ ಸ್ವಲ್ಪ ಹೊತ್ತು ಸಹಿಸಿ, ಬಳಿಕ ಒಂದು ಮಾತನ್ನೂ ಆಡದೆ ನಮ್ಮನ್ನು ಹಾದು ಮುಂದೆ ಹೋಗಿಬಿಟ್ಟರು. ಎಂಟು ಬೆನ್ನುಗಳ ಸಾಲಿನಲ್ಲಿ ಗಟ್ಟಿಯಾದ ಎರಡು ಬೆನ್ನುಗಳು ಕಳೆದವು.

ರಾಜೇಶ್ವರ ಸಮೀಪಿಸುತ್ತಿದ್ದಂತೆ ಮಾಸ್ತರರ ಮೀನಖಂಡ ಸೆಳೆದುಕೊಂಡಿತು. ತೊಗರಿ ಹೊಲದ ಬದುವಿನ ಮೇಲೆ ಅವರನ್ನು ಕೂರಿಸಿ ಕಾಲನ್ನು ಉಜ್ಜುತ್ತಿರುವಾಗ, ತರಕಾರಿಯ ಟೆಂಪೋ ಒಂದು ತಾನಾಗಿಯೇ ನಿಂತಿತು. ಚಾಲಕನು ದಯಾಳು, ಮುದುಕರನ್ನೂ ಗಾಡಿಯನ್ನೂ ಕಲ್ಯಾಣದ ವರೆಗೆ ಬಿಟ್ಟಿಯಾಗಿ ಒಯ್ಯುವೆನೆಂದನು. ಹತ್ತಿಸುವುದೇ ಲೇಸೆಂದು ನಮ್ಮಲ್ಲಿ ಮೂವರ ಅಭಿಪ್ರಾಯವಾಯಿತು.

ಮಾಸ್ತರರು ಆಗ ಮೊದಲ ಬಾರಿಗೆ ತಮ್ಮ ತಾಯಿಯ ಸಂಗತಿಯನ್ನು ಹೇಳಿದರು. 1948ರ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ಹತ್ಯಾಕಾಂಡವನ್ನು ನಡೆಸಿದ ಮೇಲೆ, ಹುಮನಾಬಾದಿನ ಬಳಿಯ ಹಳ್ಳಿಯೊಂದರಿಂದ ಆಕೆಯ ಮನೆಯವರು ಇರುಳಿನಲ್ಲಿ ಸೊಲ್ಲಾಪುರದತ್ತ ಹೊರಟರು. ಆಕೆಗೆ ಆಗ ಒಂಬತ್ತು ವರ್ಷ. ಬಂಡಿಯಲ್ಲಿ ಕಾಯಿಲೆಯ ಅಜ್ಜಿಯೊಬ್ಬಳಿಗೆ ಮಾತ್ರ ಸ್ಥಳವಿದ್ದಿತು, ಹುಡುಗಿ ನಡೆದಳು. “ಅವ್ವ ನಡೆದ ಹಾದಿಯನ್ನು ಟೆಂಪೋದಲ್ಲಿ ಕುಳಿತು ದಾಟುವುದಾದರೆ ನಾನು ಮನೆಯಲ್ಲೇ ಇರಬಹುದಾಗಿತ್ತು” ಎಂದರು. ಅದೇ ವರ್ಷದ ಸೆಪ್ಟೆಂಬರ 13ರಂದು ನಳದುರ್ಗವನ್ನು ಹಿಡಿದ ಭಾರತ ಸೇನೆಯು ಮರುದಿನ ಇದೇ ಹಾದಿಯಲ್ಲಿ ರಾಜೇಶ್ವರದ ಮೇಲೆ ಬಂದಿತ್ತು. ಅದನ್ನು ನಮ್ಮಲ್ಲೊಬ್ಬರು ನೆನೆದಾಗ ಮಾಸ್ತರರು ನಕ್ಕು, “ಅವರೇನು, ಪಡುವಣದಿಂದ ಬಂದವರು, ಗಾಳಿ ಅವರ ಬೆನ್ನಿಗಿತ್ತು” ಎಂದರು.

ಇದನ್ನು ಮುದುಕರ ಹಟವೆನ್ನುವವರು ಅನ್ನಲಿ. ನನಗೆ ಹಾಗೆ ತೋರಲಿಲ್ಲ. ಚಾಲಕನಿಗೆ ನಮಸ್ಕರಿಸಿ ಕಳುಹಿಸಿದೆವು; ಅವನು ಒಂದು ಹಿಡಿ ಹಸಿಯ ಸೌತೆಕಾಯಿಯನ್ನು ಕೊಟ್ಟು ಹೋದನು. ಮಾಸ್ತರರು ಮಾತ್ರ ಒಂದು ಕರಾರಿಗೆ ಒಪ್ಪಬೇಕಾಯಿತು: ಇನ್ನು ಸರದಿ ಇಲ್ಲ, ಸಾಲಿನಲ್ಲಿ ಮೂರನೆಯ ಸ್ಥಳ, ಕಲ್ಯಾಣದ ವರೆಗೂ ಅಲ್ಲಿಯೇ. ಕೊನೆಯವನ ಕೆಲಸ ಅವರ ಮೇಲೆ ಕಣ್ಣಿಡುವುದು; ಅವರು ಒಂದು ಗಾಲಿಯಷ್ಟು ಹಿಂದೆ ಬಿದ್ದರೆ ಸೀಟಿ ಊದುವುದು. ಆಮೇಲಿನ ದಾರಿಯ ವರ್ಣನೆಗೆ ಹೆಚ್ಚೇನೂ ಇಲ್ಲ. ತಲೆ ತಗ್ಗಿಸಿ ಮುಂದಿನ ಗಾಲಿಯನ್ನು ನೋಡುವವನಿಗೆ ಪ್ರಕೃತಿಸೌಂದರ್ಯವು ಕಾಣುವುದಿಲ್ಲ. ಸೀಟಿ ಹನ್ನೊಂದು ಸಲ ಕೇಳಿಸಿತು, ನಾನು ಎಣಿಸಿದ್ದೇನೆ.

ಸಸ್ತಾಪುರ ಬಂಗಲೆಯ ಕೂಡುದಾರಿಯಲ್ಲಿ ಹುಡುಗರಿಬ್ಬರೂ ಚಹಾದಂಗಡಿಯ ಹಲಗೆಯ ಮೇಲೆ ಕುಳಿತಿದ್ದರು. ಅವರಿಗೂ ಬಳಲಿಕೆ ಕಡಮೆಯಾಗಿರಲಿಲ್ಲ. ಇಬ್ಬರಿಗೆ ಒಂದೇ ನೆರಳಷ್ಟೆ. ಯಾರೂ ಅವರನ್ನು ಆಕ್ಷೇಪಿಸಲಿಲ್ಲ. ಅವರಲ್ಲೊಬ್ಬನು ಎದ್ದು ಮಾಸ್ತರರ ಕೈಯಿಂದ ಗಾಡಿಯನ್ನು ತೆಗೆದುಕೊಂಡು ಗೋಡೆಗೊರಗಿಸಿದನು. ಅಲ್ಲಿಂದ ಕಲ್ಯಾಣದ ದಾರಿ ಬಡಗಣಕ್ಕೆ ತಿರುಗುವುದು. ಬೆಳಗಿನಿಂದ ಎದೆಗೆ ಗುದ್ದಿದ ಗಾಳಿಯೇ ಆ ಕೊನೆಯ ಹರದಾರಿಯಲ್ಲಿ ಬೆನ್ನಿಗೆ ಕೈಕೊಟ್ಟು, ಚಾಲುಕ್ಯರ ರಾಜಧಾನಿಯೊಳಕ್ಕೆ ನಮ್ಮನ್ನು ನೂಕಿತು.

ಉಮರ್ಗಾದ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಸಂಜೆ ಮಾಸ್ತರರು ಕೋಟೆಯನ್ನು ನೋಡಿ ಬಂದು, ತಮ್ಮ ಸರಪಳಿಗೆ ಎಣ್ಣೆ ಬಿಟ್ಟರು. ಕೇಳದೆಯೇ ಹುಡುಗರ ಸರಪಳಿಗಳಿಗೂ ಬಿಟ್ಟರು. ಮರುದಿನದ ಸಾಲನ್ನು ಹುಡುಗರೇ ಬರೆದರು: ಮೊದಲಿಗೆ ಅವರಿಬ್ಬರು, ಮೂರನೆಯವರು ಮಾಸ್ತರರು. ಐದೂವರೆಗೆ ಹೊರಗೆ ಬಂದಾಗ ಗಾಳಿ ನಮಗಿಂತ ಮೊದಲೇ ಎದ್ದಿದ್ದಿತು.