ಗೂಡಿನ ಮಾರ್ಕೆಟ್‌ನಲ್ಲಿ ಜಿಡಿಪಿ

2024ರ ನವೆಂಬರ್ 29, ಶುಕ್ರವಾರ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಬಾಗಿಲು ದಾಟಿದೊಡನೆ ಹುಳದ ಹಸಿ ವಾಸನೆ ಮೂಗಿಗೆ ಬಡಿಯುತ್ತದೆ. ಕನಕಪುರ, ಮಾಗಡಿ ಕಡೆಯ ಟೆಂಪೋಗಳು ಚೀಲ ಇಳಿಸಿ ಹೋಗಿವೆ. ಜಾಲರಿಗಳಲ್ಲಿ ಒಂದು ಕಡೆ ಬಿಳಿ ಗೂಡು, ಇನ್ನೊಂದು ಕಡೆ ಹಳದಿ. ನಿಮ್ಮ ಮುಂದೆ ನಡೆಯುತ್ತಿರುವಾಕೆ ಬೆಂಗಳೂರಿನ ಬ್ಯಾಂಕೊಂದರ ಎಕನಾಮಿಸ್ಟ್. ಸಂಜೆ ನಾಲ್ಕಕ್ಕೆ ದೆಹಲಿಯಿಂದ ಜುಲೈ–ಸೆಪ್ಟೆಂಬರ್ ಜಿಡಿಪಿ ಬೆಳವಣಿಗೆಯ ಅಂಕಿ ಬರಲಿದೆ. ರಿಸರ್ವ್ ಬ್ಯಾಂಕಿನ ಅಂದಾಜು ಶೇ 7. ಇಂಥ ದಿನ ಕಂಪ್ಯೂಟರ್ ಬಿಟ್ಟು ಏಳುವವರು ಕಡಿಮೆ.

ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರು ಒಂದು ಹಿಡಿ ಗೂಡೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಂದನ್ನು ಬ್ಲೇಡಿನಿಂದ ಸೀಳಿ ಒಳಗಿನ ಹುಳ ನೋಡಿ ಎಸೆಯುತ್ತಾರೆ. ಆಮೇಲೆ ಮೊಬೈಲಿನಲ್ಲಿ ರೇಟು ಒತ್ತುತ್ತಾರೆ. ಪಕ್ಕದಲ್ಲೇ ನಿಂತ ರೈತ ತಲೆ ಅಲ್ಲಾಡಿಸುತ್ತಾನೆ: "ಈ ರೇಟಿಗೆ ಕೊಡಕ್ಕಾಗಲ್ಲ, ಇನ್ನೊಂದ್ ಸಲ ನೋಡಣ."

ಎಕನಾಮಿಸ್ಟ್ ರೇಟು ಬರೆದುಕೊಳ್ಳುವುದಿಲ್ಲ, ಅದು ಸರ್ಕಾರದ ಪಟ್ಟಿಯಲ್ಲೇ ಸಿಗುತ್ತದೆ. ಆಕೆ ನೋಡುವುದು ಯಾರು ಸಣ್ಣ ಲಾಟಿಗಷ್ಟೇ ಕೈಹಾಕುತ್ತಿದ್ದಾರೆ ಎಂಬುದನ್ನು.

"ನೂಲು ಹೋಗ್ತಾ ಇದೆಯಾ?"

"ಹೋಗ್ತಾ ಇದೆ ಮೇಡಂ. ದುಡ್ಡು ಬರ್ತಾ ಇಲ್ಲ."

ಇದನ್ನು ಆಕೆ ಬರೆದುಕೊಳ್ಳುತ್ತಾರೆ.

ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಆ ರೀಲರ್ ಅವರದೇ ರೀಲಿಂಗ್ ಘಟಕ. ಬಿಸಿನೀರಿನಲ್ಲಿ ಗೂಡು ತೇಲುತ್ತಿದೆ. ಹೆಂಗಸೊಬ್ಬರು ಬೆರಳು ಅದ್ದಿ ಎಳೆ ಹುಡುಕಿ ರಾಟೆಗೆ ಸಿಕ್ಕಿಸುತ್ತಾರೆ. ಆ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿವೆ. ಒಂದು ಕಿಲೋ ನೂಲಿಗೆ ಬಿಳಿ ಗೂಡಾದರೆ ಆರೇಳು ಕಿಲೋ ಬೇಕು. ಹಳದಿಯಾದರೆ ಇನ್ನೂ ಹೆಚ್ಚು.

ಈ ಘಟಕ ಜಿಡಿಪಿಯಲ್ಲಿ ಎಲ್ಲಿದೆ? ಆಗ ತ್ರೈಮಾಸಿಕ ಲೆಕ್ಕ ಹಾಕುವಾಗ ಇಂಥ ಸಣ್ಣ ಉದ್ದಿಮೆಗಳ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಕೈಗಾರಿಕಾ ಉತ್ಪಾದನಾ ಸೂಚ್ಯಂಕ ಎಷ್ಟು ಏರಿತೋ ಅಸಂಘಟಿತ ತಯಾರಿಕೆಯೂ ಅಷ್ಟೇ ಏರಿತೆಂದು ಹಿಡಿಯುತ್ತಿದ್ದರು. ಆ ಸೂಚ್ಯಂಕವೋ ನೋಂದಾಯಿತ ಕಾರ್ಖಾನೆಗಳದ್ದು. ನನ್ನ ಕೇಳಿದರೆ ಇದು ಲೆಕ್ಕವಲ್ಲ, ನಂಬಿಕೆ. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದಾಗ ನಗದಿನಲ್ಲೇ ನಡೆಯುತ್ತಿದ್ದ ಗೂಡಿನ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಆ ತ್ರೈಮಾಸಿಕಕ್ಕೆ ಮುಂದಿನ ಫೆಬ್ರವರಿಯಲ್ಲಿ ದೆಹಲಿ ಕೊಟ್ಟ ಅಂಕಿ ಶೇ 7! ಈ ಅಂಕಿಗಳ ಮೇಲೆ ಹಲವರಿಗಿದ್ದ ಅನುಮಾನ ಅಂದು ಹೆಚ್ಚಿತು.

ಮಧ್ಯಾಹ್ನ ಚನ್ನಪಟ್ಟಣದ ಮರದ ಆಟಿಕೆಯ ಕಾರ್ಯಾಗಾರ. ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಕೆಂಪು ಹತ್ತುತ್ತದೆ. ತಾಳೆಗರಿ ಹಿಡಿದರೆ ಹೊಳಪು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ ಮೇಲೆ ಚೀನಾ ಮಾಲಿನ ಕಾಟ ಎಷ್ಟು ಕಮ್ಮಿಯಾಯಿತು ಎಂದು ವಿಚಾರಿಸುತ್ತಿರುವಾಗಲೇ ಮೊಬೈಲು ಸದ್ದು ಮಾಡುತ್ತದೆ.

ನಾಲ್ಕು ಗಂಟೆ. ಶೇ 5.4.

ಆಕೆ ಪರದೆಯನ್ನು ಮೇಲೆ ತಳ್ಳುತ್ತಾರೆ. ಕೃಷಿ 3.5, ತಯಾರಿಕೆ ಬರೀ 2.2. ಮುಂಬೈಯಿಂದ ಕರೆ: "ಯಾಕೆ ಹೀಗಾಯ್ತು? ಅರ್ಧ ಗಂಟೆಯಲ್ಲಿ ಟಿಪ್ಪಣಿ ಬೇಕು." ಮರದ ಪುಡಿ ಮೆತ್ತಿದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಮೊದಲ ಸಾಲಿನಲ್ಲಿ ರಿಸರ್ವ್ ಬ್ಯಾಂಕಿನ ಅಂದಾಜು, ಎರಡನೆಯದರಲ್ಲಿ ತಯಾರಿಕೆ. ಐದನೆಯದರಲ್ಲಿ ಸಣ್ಣ ಉದ್ದಿಮೆಗಳಿಗೆ ಮಾಲಿನ ಹಣ ತಡವಾಗಿ ಬರುತ್ತಿರುವ ಮಾತು.

ಕಸುಬಿನವರು ಯಂತ್ರ ನಿಲ್ಲಿಸಿ ಕೇಳುತ್ತಾರೆ: "ಹಂಗಾದ್ರೆ ಬಡ್ಡಿ ಇಳೀತದಾ ಮೇಡಂ?"

"ಮುಂದಿನ ವಾರ ಇಳಿಯೋದು ಅನುಮಾನ."

ಡಿಸೆಂಬರ್ 6ರಂದು ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 6.5ರಲ್ಲೇ ನಿಂತಿತು. ಇಳಿದದ್ದು ಫೆಬ್ರವರಿ 7ಕ್ಕೆ, ಅದೂ ಕಾಲು ಪರ್ಸೆಂಟು.